ಒಂದು ಕಣ ಲೋಹವೂ ಇಲ್ಲ

ಚಟ್.

ಅಷ್ಟೇ ಸದ್ದು. ಕಡಲೆಕಾಯಿ ಒಡೆದರೂ ಇದಕ್ಕಿಂತ ಜೋರಾಗಿ ಕೇಳುತ್ತದೆ. ಆದರೆ ನಡುರಾತ್ರಿ ಪ್ರಯೋಗಾಲಯದ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದ ಇದ್ದಿಲಕ್ಕನಿಗೆ ತನ್ನ ಬೆನ್ನುಮೂಳೆಯೇ ಮುರಿದಂತಾಯಿತು. ಎದ್ದು ನೋಡಿದಳು. ಗಾಜಿನ ಪಾತ್ರೆಯ ಉಪ್ಪುನೀರಿನಲ್ಲಿ ಇಳಿಬಿಟ್ಟಿದ್ದ ಕರಿಯ ಬಿಲ್ಲೆ ಎರಡು ತುಂಡಾಗಿ ತಳ ಸೇರಿತ್ತು. ಗುಳ್ಳೆಗಳು ಮಾತ್ರ ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಬುಳುಬುಳು ಏಳುತ್ತಿದ್ದವು.

ಇದ್ದಿಲಕ್ಕ ಎಂದು ಅವಳಿಗೆ ಹೆಸರಿಟ್ಟವರು ಸಹೋದ್ಯೋಗಿಗಳು. ಅವಳಿಗೆ ಆ ಹೆಸರು ಕಂಡರಾಗದು. ಆದರೆ ಕೆಲಸವೇ ಹಾಗಿತ್ತು. ಮನುಷ್ಯರ ಕೂದಲನ್ನು ಗಾಳಿ ಸೋಕದ ಕುಲುಮೆಯಲ್ಲಿ ಸುಟ್ಟು ಇದ್ದಿಲು ಮಾಡಬೇಕು. ಆ ಇದ್ದಿಲನ್ನು ಬಿಲ್ಲೆಗೆ ಬಳಿದು, ನೀರಿನಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಇಂಗಾಲದ ಡೈಆಕ್ಸೈಡು ಅನಿಲವನ್ನು ಅದರ ಮೇಲೆ ಬಿಡಬೇಕು. ಎಲ್ಲ ಸರಿಯಾದರೆ ಹೊಗೆಯ ಜೊತೆ ಆಕಾಶಕ್ಕೆ ಹೋಗಿ ಲೋಕವನ್ನು ಕಾಯಿಸುವ ಆ ಅನಿಲ ಫಾರ್ಮಿಕ್ ಆಮ್ಲವಾಗಿ ಕಾರ್ಖಾನೆಗಳ ಉಪಯೋಗಕ್ಕೆ ಬರುತ್ತದೆ. ಇರುವೆ ಕಚ್ಚಿದಾಗ ಉರಿಯುತ್ತದಲ್ಲ, ಅದೇ ಆಮ್ಲ. ಬೇರೆಯವರು ಈ ಕೆಲಸವನ್ನು ಚುರುಕುಗೊಳಿಸುವ ವೇಗವರ್ಧಕವಾಗಿ ಬೆಲೆಬಾಳುವ ಲೋಹಗಳನ್ನು ಬಳಸುತ್ತಾರೆ. ಇವಳ ಪ್ರೊಫೆಸರು ಹೋದಲ್ಲೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದುದು ಒಂದೇ ಮಾತು: "ನಮ್ಮದರಲ್ಲಿ ಒಂದು ಕಣ ಲೋಹವೂ ಇಲ್ಲ!"

ತೊಂದರೆ ಏನೆಂದರೆ, ಇದ್ದಿಲಕ್ಕ ಈವರೆಗೆ ಸುಟ್ಟು ತುಂಬಿಸಿದ ಡಬ್ಬಿಗಳಲ್ಲಿ ಒಂದೇ ಒಂದು ಡಬ್ಬಿಯ ಇದ್ದಿಲು ಕೆಲಸ ಮಾಡಿತ್ತು. ಮಾಡಿದ್ದೆಂದರೆ ಹಾಗೆ ಹೀಗೆ ಅಲ್ಲ, ಮದುವೆಯ ಮನೆಗೆ ಬಂದ ಹೊಸ ಅಳಿಯನಂತೆ ಉತ್ಸಾಹದಿಂದ ಮಾಡಿತ್ತು. ಉಳಿದ ಡಬ್ಬಿಗಳದ್ದೆಲ್ಲ ಸೋಮಾರಿಗಳ ಸಂಘ. ನೀರನ್ನು ಒಡೆದು ಒಂದಿಷ್ಟು ಜಲಜನಕ ಬಿಟ್ಟು ಸುಮ್ಮನಾಗುತ್ತಿದ್ದವು. ಯಾಕೆ ಹೀಗೆ ಎಂದು ಅವಳು ಕೇಳಿದಾಗಲೆಲ್ಲ ಪ್ರೊಫೆಸರರ ಉತ್ತರ ಸಿದ್ಧವಾಗಿರುತ್ತಿತ್ತು: "ನಿಮ್ಮ ಕೈ ಸರಿಯಿಲ್ಲಮ್ಮಾ." ಕೆಲಸ ಮಾಡಿದರೆ 'ನಮ್ಮ ವೇಗವರ್ಧಕ', ಮಾಡದಿದ್ದರೆ 'ನಿಮ್ಮ ಕೂದಲು'. ಇದು ಯಾವ ನ್ಯಾಯ?

ಆ ಒಳ್ಳೆಯ ಡಬ್ಬಿಯ ಕೊನೆಯ ಚಿಟಿಕೆಯಿಂದ ಮಾಡಿದ ಬಿಲ್ಲೆಯೇ ಈಗ ಚಟ್ ಎಂದದ್ದು. ಅದೂ ಯಾವ ದಿನ? ಬೆಳಗಾದರೆ ತಜ್ಞೆ ಬರುವ ದಿನ. ಕೂದಲಿನ ಇದ್ದಿಲಿಂದ ಈ ಕೆಲಸ ಆಗುತ್ತದೆಂದು ಮೊದಲು ತೋರಿಸಿ ಹೆಸರು ಮಾಡಿದವರು ಅವರೇ. ಸಂಜೆ ನಾಲ್ಕಕ್ಕೆ ಅವರು ಕಣ್ಣಾರೆ ನೋಡಿ ಒಪ್ಪಿದರೆ ಇದ್ದಿಲಕ್ಕನ ಕೆಲಸ ಮುಂದುವರಿಯುತ್ತದೆ. ಒಪ್ಪದಿದ್ದರೆ ಅವಳ ಮೇಜು ಪಕ್ಕದ ಲೋಹ ವಿಭಾಗದ ಪ್ಲಾಟಿನಂ ಪಾಲು, ಅವಳು ಮನೆ ಪಾಲು. ಪ್ಲಾಟಿನಂ ಎಂದರೆ ಒಬ್ಬ ಯುವಕ. ದುಬಾರಿ ಲೋಹಗಳ ಜೊತೆಗೇ ಕೆಲಸ ಮಾಡಿ ಮಾಡಿ ತಾನೂ ದುಬಾರಿ ಎಂದುಕೊಂಡಿದ್ದ. ಹೋದ ವಾರವೇ ಅವನು ಟೇಪು ಹಿಡಿದು ಬಂದು ಅವಳ ಮೇಜಿನ ಉದ್ದ ಅಳೆದುಕೊಂಡು ಹೋಗಿದ್ದ. "ಸುಮ್ನೆ ಅಕ್ಕಾ, ಕುತೂಹಲ" ಎಂದಿದ್ದ.

ಬೆಳಕು ಹರಿಯುವ ಮೊದಲೇ ಅವಳು ಪ್ರೊಫೆಸರರಿಗೆ ಫೋನು ಮಾಡಿದಳು.

"ಒಡೆದೋಯ್ತಾ? ಅದಕ್ಕೇನಂತೆ? ಅದೇ ಕೂದಲು ತಂದು ಮತ್ತೆ ಮಾಡಿ" ಎಂದರು ಅವರು, ಹಾಲು ಒಡೆದರೆ ಬೇರೆ ಹಾಲು ತನ್ನಿ ಎನ್ನುವಷ್ಟು ಸುಲಭವಾಗಿ.

"ಅದೇ ಕೂದಲು ಅಂದ್ರೆ? ಯಾರ ಕೂದಲೋ ಏನೋ ಸಾರ್."

"ಕೂದಲು ಕೂದಲೇ ಅಲ್ವೇನಮ್ಮಾ! ನಾಲ್ಕು ಗಂಟೆಗೆ ರೆಡಿ ಇರ್ಲಿ." ಫೋನು ಇಟ್ಟೇಬಿಟ್ಟರು.

ಕಟ್ಟಡದ ಹಿಂದಿನ ಬೀದಿಯಲ್ಲಿತ್ತು ಕ್ಷೌರದಂಗಡಿ. ಅವಳು ವಾರಕ್ಕೊಮ್ಮೆ ಚೀಲ ಹಿಡಿದು ಅಲ್ಲಿಗೆ ಹೋಗಿ ನೆಲ ಗುಡಿಸಿದ ಕೂದಲು ತುಂಬಿಸಿಕೊಂಡು ಬರುತ್ತಿದ್ದಳು. ಕ್ಷೌರಿಕ ಆಗತಾನೇ ಬಾಗಿಲು ತೆರೆದು ಮೊದಲ ಗಿರಾಕಿಯ ಮುಖಕ್ಕೆ ನೊರೆ ಬಳಿಯುತ್ತಿದ್ದ.

"ನೀರು ಬರದೆ ಅಂಗಡಿ ಮುಚ್ಚಿದ್ರಲ್ಲ ಒಂದಿನ, ಆವತ್ತೂ ನನಗೆ ಒಂದು ಸಣ್ಣ ಪೊಟ್ಟಣ ಕೊಟ್ರಿ. ನನ್ನ ಒಳ್ಳೆ ಡಬ್ಬಿ ಆದದ್ದು ಅದ್ರಿಂದ್ಲೇ. ಅದು ಯಾರ ಕೂದಲು?"

ಕ್ಷೌರಿಕನ ಕೈ ನಿಂತಿತು. "ಅದೆಲ್ಲ ಕೇಳ್ಬಾರ್ದು ಮೇಡಮ್ಮಾ. ಡಾಕ್ಟ್ರಿಗೆ ಒಂದು ಧರ್ಮ ಇರೋ ಹಾಗೆ ನಮಗೂ ಒಂದಿದೆ. ತಲೆ ಒಪ್ಪಿಸಿ ಕೂತಿರ್ತಾರೆ ಜನ."

"ನನ್ನ ಕೆಲಸ ಹೋಗುತ್ತಪ್ಪಾ!"

"ಹೇಳಯ್ಯಾ, ಪಾಪ, ಹೆಣ್ಣುಮಗಳು ಇಷ್ಟು ಕೇಳ್ತಿದಾಳೆ" ಎಂದಿತು ನೊರೆಯೊಳಗಿಂದ ಒಂದು ಬಾಯಿ.

"ನೀವು ಅಲ್ಲಾಡ್ಬೇಡಿ, ಕಿವಿ ಹೋಗುತ್ತೆ" ಎಂದು ಅದನ್ನು ಮುಚ್ಚಿಸಿ, ಕ್ಷೌರಿಕ ಅವಳ ಕಡೆ ತಿರುಗಿ ದನಿ ತಗ್ಗಿಸಿದ. "ಆವತ್ತು ಬಂದಿದ್ದು ಒಬ್ಬರೇ. ತಿಂಗಳಿಗೊಂದು ಸಲ, ಎಲ್ಲ ಹೋದ ಮೇಲೆ ಹಿಂದಿನ ಬಾಗಿಲಿಂದ ಬರ್ತಾರೆ. ಹೆಸರು ಮಾತ್ರ ಕೇಳ್ಬೇಡಿ."

"ಮುಂದೆ ಯಾವಾಗ ಬರ್ತಾರೆ?"

"ನಿನ್ನೆ ಸಂಜೆ ಬಂದು ಹೋದ್ರಲ್ಲ."

"ಆ ಕೂದಲು?"

"ಪೇಪರಲ್ಲಿ ಸುತ್ತಿ ತೊಟ್ಟಿಗೆ ಹಾಕ್ದೆ. ನಿಮಗೆ ಬೇಕೂಂತ ಯಾರಿಗ್ಗೊತ್ತು?"

ಕಾಲೇಜು ಓದಿದ, ಒಂದು ಮಾತಾಡಬೇಕಾದರೆ ಎರಡು ಸಲ ತೂಗಿ ನೋಡುವ, ಅಪರಿಚಿತರೆದುರು ಸೀನಲೂ ಹಿಂಜರಿಯುವ ಹೆಂಗಸು, ಬೀದಿಯ ಕೊನೆಯ ಕಸದ ತೊಟ್ಟಿಗೆ ಸೊಂಟದವರೆಗೆ ಬಗ್ಗಿದಳು. ಬಗ್ಗಿದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಸೇರಿದರು. ಎದುರು ಮನೆಯ ಮಹಡಿಯಿಂದ ಒಬ್ಬ ಹೆಂಗಸು ಕೂಗಿದಳು.

"ಏನು ಕಳ್ಕೊಂಡ್ರೀ? ಉಂಗುರನಾ?"

"ಅಲ್ಲ."

"ಮತ್ತೇನು?"

"ಕೂದಲು!"

ಮಹಡಿಯ ಹೆಂಗಸು ಸ್ವಲ್ಪ ಹೊತ್ತು ಅವಳನ್ನು ದಿಟ್ಟಿಸಿದಳು. "ತಲೆ ತುಂಬ ಇದೆಯಲ್ಲಮ್ಮಾ ಇನ್ನೂ. ಅಷ್ಟಕ್ಕೇ ಹೀಗೆ ಧೃತಿಗೆಡ್ತಾರಾ? ನಮ್ಮತ್ತೆಗೆ ಪೂರ್ತಿ ಹೋಯ್ತು, ಅವ್ರು ಎಷ್ಟು ಗಟ್ಟಿಯಾಗಿದ್ರು ಗೊತ್ತಾ?"

"ಪಾಪ, ಮನೇಲಿ ಏನೋ ಆಗಿರ್ಬೇಕು" ಎಂದ ಮತ್ತೊಬ್ಬ. ಇನ್ನೊಬ್ಬ ಮೊಬೈಲು ಎತ್ತಿ ಹಿಡಿದ. ಆ ಗುಂಪಿನ ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದವನು ಪ್ಲಾಟಿನಂ.

"ಅಕ್ಕಾ, ಸಹಾಯ ಬೇಕಾ?" ಎಂದ, ಒಂದು ಹೆಜ್ಜೆಯೂ ಮುಂದೆ ಬಾರದೆ.

ಪೊಟ್ಟಣ ಸಿಕ್ಕಿತು. ಅವಳು ಅದನ್ನು ಎದೆಗವಚಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಿಚ್ಚಿದಳು. ಬಿಚ್ಚಿದವಳೇ ಮುಖ ಹತ್ತಿರ ತಂದು ನೋಡಿದಳು. ಪ್ರತಿಯೊಂದು ಕೂದಲಿನ ತುದಿ ಕಾಡಿಗೆಗಪ್ಪು, ಬುಡ ಅಚ್ಚ ಬಿಳಿ.

"ಇದಕ್ಕೆ ಬಣ್ಣ ಹಚ್ಚಿದೆ!"

ಕ್ಷೌರಿಕ ಬೀದಿಯ ಎರಡೂ ಕಡೆ ನೋಡಿ, ಮೇಜಿನ ಖಾನೆಯಿಂದ ನೀಲಿ ಮುಚ್ಚಳದ ಸಣ್ಣ ಬಾಟಲಿ ತೆಗೆದು ತೋರಿಸಿದ. "ಮನೇಲಿಟ್ರೆ ಗೊತ್ತಾಗುತ್ತೆ ಅಂತ ಒಂದನ್ನ ಕೆಲಸದ ಜಾಗದಲ್ಲಿ, ಒಂದನ್ನ ಇಲ್ಲೇ ಇಟ್ಟಿದಾರೆ. ಎಲ್ಲರ ಬಣ್ಣದ ಹಾಗಲ್ಲ ಇದು. ಹಚ್ಚಿದ ಕೂಡ್ಲೆ ಕಪ್ಪಾಗಲ್ಲ. ದಿನಾ ಒಂದೊಂದು ಹನಿ ತಿಕ್ಕಿದ್ರೆ ತಿಂಗಳಲ್ಲಿ ಮೆಲ್ಲಗೆ ತಾನಾಗೇ ಕಪ್ಪಾಗುತ್ತೆ. ಕಟ್ಟಿಕೊಂಡ ಹೆಂಡ್ತಿಗೂ ಗೊತ್ತಾಗಲ್ಲ."

ಅವಳು ಲಿಂಬೆ ವಾಸನೆ ಬೀರುತ್ತಿದ್ದ ಆ ಬಾಟಲಿ ತಿರುಗಿಸಿ, ಕಣ್ಣು ಕಿರಿದು ಮಾಡಿ ಓದಿದಳು. ಅದರಲ್ಲಿದ್ದದ್ದು ಬಿಸ್ಮತ್. ಅಂದರೆ ಲೋಹ. ಅದೂ ಯಾವ ಲೋಹ? ಇಂಗಾಲದ ಡೈಆಕ್ಸೈಡನ್ನು ಫಾರ್ಮಿಕ್ ಆಮ್ಲ ಮಾಡುವುದರಲ್ಲಿ ಎತ್ತಿದ ಕೈ ಎಂದು ಪ್ಲಾಟಿನಂನ ಗೋಡೆಯ ಚಾರ್ಟಿನಲ್ಲೇ ಬರೆದಿರುವ ಲೋಹ. ದಿನವೂ ಹನಿಹನಿಯಾಗಿ ಕೂದಲ ಒಳಗೆಲ್ಲ ಇಳಿದು, ಸುಟ್ಟಾಗ ಇದ್ದಿಲಿನ ಉದ್ದಗಲಕ್ಕೂ ನವಿರಾಗಿ ಹರಡಿಕೊಂಡಿದೆ! ಇಷ್ಟು ದಿನ ಕೆಲಸ ಮಾಡಿದ್ದು ಅವಳ ಇದ್ದಿಲಲ್ಲ. ಯಾರದೋ ತಲೆಯ ಬಣ್ಣ. ಅವಳ ಕೈ ಸರಿಯಾಗಿಯೇ ಇತ್ತು.

ಅವಳು ಸಿಟ್ಟಿನಿಂದ ಸೀದಾ ಪ್ರೊಫೆಸರರ ಕೋಣೆಗೆ ನಡೆದಳು. ಅರವತ್ತು ಸಮೀಪಿಸಿದ್ದ ಅವರು ಕನ್ನಡಿಯಂತೆ ಹೊಳೆಯುವ ಕಿಟಕಿಯೆದುರು ನಿಂತು ಸಂಜೆಯ ಭಾಷಣ ಅಭ್ಯಾಸ ಮಾಡುತ್ತಿದ್ದರು.

"ಸಾರ್, ಈ ಕೂದಲು ಬಳಸೋ ಹಾಗಿಲ್ಲ. ಇದಕ್ಕೆ ಬಣ್ಣ ಹಚ್ಚಿದಾರೆ. ಬಣ್ಣದಲ್ಲಿ ಲೋಹ ಇದೆ. ನಾವು ಹೇಳಿದ್ದೆಲ್ಲ ತಪ್ಪಾಯ್ತು."

"ಬಣ್ಣ ಹಚ್ಚಿದಾರೆ ಅಂತ ಯಾರು ಹೇಳಿದ್ದು?"

"ಕ್ಷೌರದಂಗಡಿಯವನು."

"ಅವನು ಹೇಳ್ಬಿಟ್ನಾ?" ಪ್ರೊಫೆಸರು ಕಿಟಕಿ ಬಿಟ್ಟು ಗರ್ರನೆ ತಿರುಗಿದರು. "ಹೆಸರು ಹೇಳಲ್ಲ ಅಂತ ಆಣೆ ಮಾಡಿದ್ನಲ್ಲಮ್ಮಾ ಅವನು!"

ಪ್ರೊಫೆಸರರ ಬಲಗೈ ತಾನಾಗಿ ಮೇಲೆದ್ದು ತಲೆಯ ಮೇಲೆ ಕೂತಿತು, ಹಾರಿಹೋಗುವ ಟೋಪಿಯನ್ನು ಹಿಡಿದಂತೆ. ಇದ್ದಿಲಕ್ಕ ಆ ಕೈಯನ್ನೂ ಅದರ ಕೆಳಗಿನ ಕಾಡಿಗೆಗಪ್ಪು ತಲೆಯನ್ನೂ ನೋಡಿದಳು. 'ಒಳ್ಳೆ ನಿದ್ದೆ, ಒಳ್ಳೆ ಯೋಚನೆ, ಅಷ್ಟೇ ನನ್ನ ಗುಟ್ಟು' ಎಂದು ಹೊಸಬರಿಗೆಲ್ಲ ಉಪದೇಶ ಮಾಡಿದ ತಲೆ ಅದು.

"ಸಾರ್... ನೀವಾ?"

"ಏನು ನಾನಾ? ಯಾರು ನಾನಾ? ನಾನೇನೂ ಹೇಳ್ಲಿಲ್ಲ!" ಅವರು ಗುಡುಗಿದರು. "ಹೋಗಿ ಸುಡಿ! ನಾಲ್ಕು ಗಂಟೆಗೆ ಬಿಲ್ಲೆ ಸಿದ್ಧ ಇರ್ಲಿ. ಲೋಹಗೀಹ ಅಂತ ಬಾಯಿ ಬಿಟ್ರೆ ನೋಡಿ!"

ಇದ್ದಿಲಕ್ಕ ಸುಟ್ಟಳು. ತೊಳೆದಳು, ಒಣಗಿಸಿದಳು, ಕುಲುಮೆಗೆ ಹಾಕಿದಳು. ಮೂರು ಸಲ ಸಾಬೂನು ನೀರಿಗೆ ಹಾಕಿದರೂ ಬಣ್ಣ ಜಪ್ಪಯ್ಯ ಅನ್ನಲಿಲ್ಲ. ಹಲ್ಲು ಕಚ್ಚಿಕೊಂಡು ಅರೆದಳು, ಬಿಲ್ಲೆಗೆ ಬಳಿದಳು. ಗುರುವಿನ ತಲೆಯನ್ನು ಶಿಷ್ಯೆ ಹೀಗೆ ಕಲ್ಲಿಗೆ ಹಾಕಿ ಅರೆದದ್ದು ಬಹುಶಃ ಅದೇ ಮೊದಲು. ಅಷ್ಟು ಮಾತ್ರ ಸ್ವಲ್ಪ ಸಮಾಧಾನ ಕೊಟ್ಟಿತು.

ನಾಲ್ಕಕ್ಕೆ ಸರಿಯಾಗಿ ತಜ್ಞೆ ಬಂದರು. ಎತ್ತರದ ನಿಲುವು, ಬಿಗಿಯಾಗಿ ಬಾಚಿ ಕಟ್ಟಿದ ತುರುಬು, ಸುತ್ತು ಬಳಸಿಲ್ಲದ ಮಾತು. ಬಿಲ್ಲೆ ನೀರಿಗೆ ಇಳಿಯಿತು, ಅನಿಲ ಗುಳುಗುಳು ಎಂದಿತು. ಅರ್ಧ ಗಂಟೆಯ ಮೇಲೆ ಆ ನೀರನ್ನು ಯಂತ್ರಕ್ಕೆ ಕೊಟ್ಟಾಗ ಪರದೆಯ ಮೇಲೆ ಫಾರ್ಮಿಕ್ ಆಮ್ಲದ ಗೆರೆ ಏಣಿ ಹಾಕಿದಂತೆ ನೆಟ್ಟಗೆ ಏರಿತು.

"ನಮ್ಮ ವೇಗವರ್ಧಕ!" ಎಂದರು ಪ್ರೊಫೆಸರು, ಎರಡೂ ಕೈ ಚಾಚಿ. "ಶುದ್ಧ ಇದ್ದಿಲು ಮೇಡಂ! ಒಂದು ಕಣ ಲೋಹವೂ ಇಲ್ಲ!"

"ಅದ್ಭುತ" ಎಂದರು ತಜ್ಞೆ.

ಇದ್ದಿಲಕ್ಕ ಸುಮ್ಮನಿದ್ದರೆ ಆಗುತ್ತಿತ್ತು. ಅವಳಿಗೆ ಬೇಕಾದದ್ದು ಕೈಗೆ ಬಂದೇ ಬಿಟ್ಟಿತ್ತು. ಆದರೆ 'ನಿಮ್ಮ ಕೈ ಸರಿಯಿಲ್ಲ' ಎಂದು ಇಷ್ಟು ಕಾಲ ಕೇಳಿಸಿಕೊಂಡವಳಿಗೆ ಆ 'ಒಂದು ಕಣವೂ ಇಲ್ಲ' ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

"ಇದೆ ಮೇಡಂ" ಎಂದಳು. "ಇದರಲ್ಲಿ ಲೋಹ ಇದೆ. ಬೇಕಾದ್ರೆ ಪರೀಕ್ಷೆ ಮಾಡಿ."

ಬಾಗಿಲ ಬಳಿ ನಿಂತು ನೋಡುತ್ತಿದ್ದ ಪ್ಲಾಟಿನಂ ಕುಣಿಯುತ್ತಲೇ ಲೋಹ ಪತ್ತೆ ಮಾಡುವ ತನ್ನ ಯಂತ್ರ ಚಾಲೂ ಮಾಡಿದ. ಬಂದದ್ದು ಬಿಸ್ಮತ್.

"ಎಲ್ಲಿಂದ ಬಂತು ಇದು?" ತಜ್ಞೆಯ ಹುಬ್ಬು ಗಂಟಿಕ್ಕಿತು.

"ಇವರ ಬೇಜವಾಬ್ದಾರಿ!" ಪ್ರೊಫೆಸರು ಅವಳಿಗಿಂತ ಮೊದಲೇ ಬಾಯಿ ಹಾಕಿದರು. "ಕಸದ ತೊಟ್ಟಿಯಿಂದ ಕೂದಲು ತಂದಿದಾರೆ ಮೇಡಂ! ಕಸದ ತೊಟ್ಟಿಯಿಂದ!"

"ಹೌದು, ನಾನೇ ನೋಡ್ದೆ" ಎಂದ ಪ್ಲಾಟಿನಂ. "ಬೀದಿಯಲ್ಲಿ ಒಬ್ಬರು ವೀಡಿಯೋನೂ ಮಾಡಿದಾರೆ."

ಇದ್ದಿಲಕ್ಕನ ಕಿವಿ ಕೆಂಪಾಯಿತು. ಕದ್ದವನು ಹಿತ್ತಲಲ್ಲಿ ಹಾಯಾಗಿ ನಿಂತು ಕಾವಲುಗಾರನಿಗೆ ಏಟು ಬಿದ್ದಂತಾಯಿತು. "ಮೇಡಂ" ಎಂದಳು, "ನಿಮ್ಮ ಹತ್ರ ಒಬ್ಬರ ಹತ್ರಾನೇ ಮಾತಾಡ್ಬೇಕು."

ಪಕ್ಕದ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಇಕ್ಕಟ್ಟಾದ ಕೋಣೆ, ಗೋಡೆಗೆ ಒರಗಿದ ಅನಿಲದ ಸಿಲಿಂಡರುಗಳು.

"ತೊಟ್ಟಿಯಿಂದ ಬಂದಿದ್ದಲ್ಲ ಮೇಡಂ. ಕೂದಲಿಗೆ ಹಚ್ಚಿದ ಬಣ್ಣದಿಂದ ಬಂದಿದ್ದು. ಯಾರ ಕೂದಲು ಅಂತ ಕೇಳ್ಬೇಡಿ. ಅದೊಂಥರಾ ಬಣ್ಣ. ಹಚ್ಚಿದ ಕೂಡ್ಲೆ ಕಪ್ಪಾಗಲ್ಲ. ದಿನಾ ಒಂದೊಂದು ಹನಿ..."

"...ತಿಕ್ಕಿದ್ರೆ ತಿಂಗಳಲ್ಲಿ ತಾನಾಗೇ ಕಪ್ಪಾಗುತ್ತೆ" ಎಂದು ತಜ್ಞೆ ಮೆಲ್ಲಗೆ ವಾಕ್ಯ ಮುಗಿಸಿದರು. "ಲಿಂಬೆ ವಾಸನೆ."

"ಹೌದು. ನಿಮಗೆ ಹೇಗೆ..." ಇದ್ದಿಲಕ್ಕನ ಕಣ್ಣು ತಜ್ಞೆಯ ಕಪ್ಪು ತುರುಬಿನ ಮೇಲೆ ಬಿತ್ತು.

ತಜ್ಞೆ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತರು.

"ಮೊದಲ ಸಲ ಮಾಡುವಾಗ ಕ್ಷೌರದಂಗಡಿಗೆ ಹೋಗಿ ಕೂದಲು ಕೇಳೋಕೆ ನನಗೆ ನಾಚಿಕೆ ಆಯ್ತು" ಎಂದರು ಕೊನೆಗೆ. "ನನ್ನ ಬಾಚಣಿಗೆಗೆ ಬಂದದ್ದನ್ನೇ ಕೂಡಿಟ್ಟು ಸುಟ್ಟೆ. ಎಷ್ಟು ಚೆನ್ನಾಗಿ ಕೆಲಸ ಮಾಡ್ತು ಗೊತ್ತಾ? ಆಮೇಲೆ ಎಲ್ಲೆಲ್ಲಿಂದಲೋ ಜನ ಕೇಳಿದ್ರು, ನಮಗೆ ಬರ್ತಾ ಇಲ್ವಲ್ಲ ಅಂತ. ಶ್ರದ್ಧೆ ಸಾಲದು ಅಂತ ಹೇಳಿ ಕಳಿಸ್ದೆ."

ಇದ್ದಿಲಕ್ಕನ ಕಣ್ಣ ಮುಂದೆ ಜಗತ್ತಿನ ಯಾವ ಯಾವುದೋ ಮೂಲೆಗಳಲ್ಲಿ ಕೂದಲು ಸುಟ್ಟುಕೊಂಡು, ಮೂಗು ಮುಚ್ಚಿಕೊಂಡು, ಬೈಸಿಕೊಳ್ಳುತ್ತ ಕೂತ ತನ್ನಂಥವರ ಸಾಲೇ ಹಾದುಹೋಯಿತು.

"ಹಾಗಾದ್ರೆ ಹೇಳ್ಬಿಡಿ ಮೇಡಂ!" ಎಂದಳು ಸಿಟ್ಟು ತಡೆಯಲಾರದೆ. "ಈಗ್ಲೇ ಹೊರಗೆ ಹೋಗಿ ಹೇಳ್ಬಿಡಿ!"

"ತಪ್ಪಾಯ್ತು ಅಂತ ಒಪ್ಕೊಳ್ಳೋಕೆ ನನಗೇನೂ ಕಷ್ಟ ಇಲ್ಲ ಕಣಮ್ಮಾ. ವಿಜ್ಞಾನದಲ್ಲಿ ಎಲ್ಲರೂ ತಪ್ಪು ಮಾಡ್ತಾರೆ. ಆದ್ರೆ ಲೋಹ ಎಲ್ಲಿಂದ ಬಂತು ಅಂತ ಕೇಳ್ತಾರಲ್ಲ?" ತಜ್ಞೆ ಅವಳ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು. "ನಮ್ಮ ಯಜಮಾನರಿಗೇ ಗೊತ್ತಿಲ್ಲ."

ಹೊರಗೆ ಬಂದಾಗ ತಜ್ಞೆಯ ಬೆನ್ನು ಮತ್ತೆ ನೆಟ್ಟಗಿತ್ತು. "ಇದ್ದಿಲಿನ ಮೇಲೆ ಬಿಸ್ಮತ್ ಕೂತಾಗ ಕೆಲಸ ಸೊಗಸಾಗಿ ನಡೀತಿದೆ. ಇದನ್ನ ಮುಂದುವರಿಸಬೇಕು ಅಂತ ನಾನು ಶಿಫಾರಸು ಮಾಡ್ತೀನಿ. ಈ ಹೆಣ್ಣುಮಗಳ ಪ್ರಾಮಾಣಿಕತೆ ದೊಡ್ಡದು" ಎಂದರು.

ಇದ್ದಿಲಕ್ಕನ ಎದೆ ಹಗುರಾಯಿತು. ನಿಜ ಹೇಳಿಯೂ ಕೆಲಸ ಉಳಿಯಿತಲ್ಲ! ಆ ಹಗುರ ಎಷ್ಟು ಹೊತ್ತು ಇತ್ತೆಂದರೆ, ಪ್ರೊಫೆಸರು ಒಂದು ಸಲ ಉಗುಳು ನುಂಗಿ ಬಾಯಿ ತೆರೆಯುವಷ್ಟು ಹೊತ್ತು.

"ಹೌದು ಹೌದು, ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ" ಎಂದರು ಅವರು. "ಆದ್ರೆ ಲೋಹ ಅಂದ ಮೇಲೆ ಅದು ಲೋಹ ವಿಭಾಗದ ಕೆಲಸ ಆಯ್ತು. ನಮ್ಮಲ್ಲಿ ಅದು ಮೊದಲಿಂದ್ಲೂ ಇರೋ ನಿಯಮ. ಈ ಯೋಜನೆ, ಈ ಮೇಜು, ಎಲ್ಲ ಇನ್ನು ಈ ಹುಡುಗನದ್ದು." ಪ್ಲಾಟಿನಂನ ಬೆನ್ನು ತಟ್ಟಿದರು. "ನೀವು ಬೇಕಾದ್ರೆ ಇವನ ಕೈಕೆಳಗೆ ಸಹಾಯಕಿ ಆಗಿ ಇರಿ ಅಮ್ಮಾ. ಕೂದಲು ತರೋದು ನಿಮಗೆ ಹೇಗಿದ್ರೂ ಅಭ್ಯಾಸ."

ಇದ್ದಿಲಕ್ಕ ತಜ್ಞೆಯ ಕಡೆ ತಿರುಗಿದಳು. ಈಗಲಾದರೂ ಒಂದು ಮಾತು! ತಜ್ಞೆ ತಮ್ಮ ಕೈಚೀಲದಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕತೊಡಗಿದರು. ಹುಡುಕುತ್ತಲೇ ಕಾರಿನವರೆಗೆ ನಡೆದುಹೋದರು.

ಅವಳು ಕರವಸ್ತ್ರದಿಂದ ಕೈ ಒರೆಸಿಕೊಂಡು, ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿಯುವಷ್ಟರಲ್ಲಿ ಪ್ಲಾಟಿನಂ ಓಡಿಬಂದ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಾವೆಲ್ಲ ಒಂದೇ ಮನೆಯವರ ಹಾಗೆ. ಒಂದೇ ಒಂದು ವಿಷಯ ಹೇಳ್ಬಿಡಿ. ಆ ಬಿಸ್ಮತ್ ಕೂದಲೊಳಗೆ ಅಷ್ಟು ನವಿರಾಗಿ ಹೇಗೆ ಸೇರ್ಕೊಳ್ತು? ನಾನು ಸುಮ್ನೆ ಪುಡಿ ಬೆರೆಸಿದ್ರೆ ಗಂಟುಗಂಟಾಗುತ್ತೆ. ಏನು ಮಾಡಿದ್ರಿ?"

ಅವಳು ತಲೆಯೆತ್ತಿದಳು. ಮೇಲಿನ ಕಿಟಕಿಯಲ್ಲಿ ಪ್ರೊಫೆಸರು ಬೇಡ, ಬೇಡ ಎಂಬಂತೆ ಕೈಯಾಡಿಸುತ್ತಿದ್ದರು. ಗೇಟಿನ ಬಳಿ ಹೊರಟು ನಿಂತಿದ್ದ ಕಾರಿನ ಗಾಜು ಅರ್ಧ ಇಳಿದಿತ್ತು. ಹೇಳಿದರೆ ಎರಡು ದೊಡ್ಡ ತಲೆಗಳ ಮಾನ ಬೀದಿಗೆ ಬರುತ್ತದೆ, ಮುಂದಿನ ತಿಂಗಳೇ ಈ ಹುಡುಗ ಹಾರ ಹಾಕಿಸಿಕೊಳ್ಳುತ್ತಾನೆ. ಹೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಎರಡರಲ್ಲೂ ತನಗೆ ಉಳಿಯುವುದು ಕೂದಲ ಚೀಲವೇ.

"ನನಗೇನು ಗೊತ್ತಪ್ಪಾ" ಎಂದಳು. "ತೊಟ್ಟಿಯಲ್ಲಿ ಏನೇನೋ ಬಿದ್ದಿತ್ತು. ಯಾವುದರ ಪ್ರಭಾವವೋ."

"ಯಾವ ತೊಟ್ಟಿ ಅಕ್ಕಾ?" ಅವನು ಜೇಬಿನಿಂದ ಪೆನ್ನು ತೆಗೆದೇಬಿಟ್ಟ.

ಅವಳು ಬೀದಿ, ತಿರುವು, ಎದುರು ಮನೆಯ ಗುರುತು ಎಲ್ಲ ಸರಿಯಾಗಿ ಹೇಳಿದಳು. "ತಳದವರೆಗೆ ಹುಡುಕಬೇಕು" ಎಂದು ಸೇರಿಸಿದಳು. "ಮೇಲೆ ಮೇಲೆ ನೋಡಿದ್ರೆ ಆಗಲ್ಲ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಕೋಪ ಇನ್ನೂ ಕುದಿಯುತ್ತಿತ್ತು. ಮನೆಯಲ್ಲಿ ಗಂಡ ಕೇಳುತ್ತಾರೆ, ಏನಾಯಿತು ಎಂದು. ಪಕ್ಕದ ಮನೆಯವಳೂ ಕೇಳುತ್ತಾಳೆ. ಹೋದ ಕೂಡಲೇ ಒಂದೊಂದಾಗಿ ಹೇಳಿ ಎದೆಯ ಭಾರ ಇಳಿಸಬೇಕೆಂದು ಅವಳು ಮೊದಲ ವಾಕ್ಯ ಹೊಂದಿಸಿದಳು. ಎರಡನೆಯದನ್ನೂ ಹೊಂದಿಸಿದಳು. ಮೂರನೆಯದಕ್ಕೆ ಬರುವಾಗ ಆ ಇಕ್ಕಟ್ಟಾದ ಕೋಣೆಯಲ್ಲಿ ತನ್ನ ಕೈ ಹಿಡಿದುಕೊಂಡ, ತಣ್ಣಗಿದ್ದ ಆ ಬೆರಳುಗಳ ನೆನಪಾಯಿತು. ಹಾಳಾಗಲಿ ಎಂದು ಬೈದುಕೊಂಡಳು. ಯಾರನ್ನೆಂದು ಅವಳಿಗೇ ಖಚಿತವಿರಲಿಲ್ಲ.

ಇಳಿಯುವ ಜಾಗ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಯಾರಿಗೂ ಹೇಳುವುದಿಲ್ಲ.